ಆಯಿಯ ಸೊಂಟದ ಕೀಲಿ

ನಮ್ಮ ಆಯಿಯ, ಅಂದರೆ ಅಮ್ಮನ, ಸೊಂಟದಲ್ಲಿ ಯಾವಾಗಲೂ ಒಂದು ಕಬ್ಬಿಣದ ಕೀಲಿ ಇರುತ್ತಿತ್ತು. ಬೆರಳುದ್ದದ ಹಳೆಯ ಕಾಲದ ಕೀಲಿ. ಅದಕ್ಕೆ ಬೀಗವಿರಲಿಲ್ಲ. ಬೊಬ್ರುವಾಡದ ಅಜ್ಜನ ಮನೆಯ ಯಾವುದೋ ಪೆಟ್ಟಿಗೆಯದಂತೆ, ಪೆಟ್ಟಿಗೆಯನ್ನು ಗೆದ್ದಲು ತಿಂದು ಯಾವ ಕಾಲವಾಗಿತ್ತೋ. ಮನೆಗೆ ಬಂದವರು, "ಯಜಮಾನ್ತಿ ತಿಜೋರಿ ಕೀಲಿ ಬಿಟ್ಟು ಇರೂದೇ ಇಲ್ಲ ಕಾಣು" ಎಂದು ತಮಾಷೆ ಮಾಡುತ್ತಿದ್ದರು. ಆಯಿಯೂ ನಗುತ್ತಿದ್ದಳು. ತಿಜೋರಿಯಂತೆ ತಿಜೋರಿ! ಅಪ್ಪ ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತ. ನಮ್ಮ ಮನೆಯಲ್ಲಿ ಮುಚ್ಚಿಡುವಂಥದ್ದು ಏನಾದರೂ ಇದ್ದರೆ ಅದು ನನ್ನ ಅಕ್ಕನ ಕಾಯಿಲೆ ಮಾತ್ರ.

ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ನಾವಿನ್ನೂ ಬೊಬ್ರುವಾಡದಲ್ಲಿದ್ದಾಗ, ಅವಳಿಗೆ ಹನ್ನೊಂದು ತುಂಬಿದ ವರ್ಷ, ಅಂಕೋಲೆಯ ಶಾಲೆಯಲ್ಲಿ ಪ್ರಾರ್ಥನೆಗೆ ನಿಂತವಳು ಧಪ್ಪೆಂದು ಬಿದ್ದಳು. ಕೈಕಾಲು ಸೆಟೆದು ಅದುರಿದವು, ಬಾಯಲ್ಲಿ ನೊರೆ ಬಂತು. ಯಾರೋ ಚಪ್ಪಲಿ ಮೂಸಿಸಿದರಂತೆ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ಇಳಿಯುತ್ತದೆ ಎಂಬ ನಂಬಿಕೆ ನಮ್ಮ ಕಡೆ ಎಲ್ಲರಿಗೂ ಇದೆ. ಆಯಿ ಅವತ್ತೇ ಆ ಕೀಲಿಯನ್ನು ಹುಡುಕಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಕ್ಕನಿಗೆ ಬಂದಾಗಲೆಲ್ಲ ಓಡಿ ಬಂದು, ಅವಳ ಮುಷ್ಟಿ ಬಿಡಿಸಿ ಕೀಲಿ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ, ಮೇಲಿಂದ ತನ್ನ ಎರಡೂ ಕೈ ಒತ್ತಿ ಹಿಡಿಯುತ್ತಿದ್ದಳು. "ಗಟ್ಟಿ ಹಿಡ್ಕೊ. ಹೋಗ್ತದೆ. ಈಗ ಹೋಗ್ತದೆ." ಸ್ವಲ್ಪ ಹೊತ್ತಿಗೆ ಹೋಗುತ್ತಲೂ ಇತ್ತು. ಅದು ಕೀಲಿಯಿಂದ ಹೋಗುವುದಲ್ಲ, ತಾನಾಗಿಯೇ ಹೋಗುವುದು ಎಂದು ಎಷ್ಟೋ ವರ್ಷದ ಮೇಲೆ ಡಾಕ್ಟರು ಹೇಳಿದರು. ಆಯಿಯ ಎದುರು ಅದನ್ನು ಹೇಳುವ ಧೈರ್ಯ ನಮಗ್ಯಾರಿಗೂ ಆಗಲಿಲ್ಲ.

ಪ್ರತಿ ಸಲವೂ ಬೀಳುತ್ತಿದ್ದಳು ಎಂದಲ್ಲ. ಹೆಚ್ಚಿನ ಸಲ ಅಷ್ಟು ಗದ್ದಲವೇ ಇರುತ್ತಿರಲಿಲ್ಲ. ಮಾತಾಡುತ್ತಿದ್ದವಳು ಸುಮ್ಮನಾಗಿ ಎಲ್ಲೋ ನೋಡುತ್ತ ನಿಂತುಬಿಡುವಳು. ಹುಣಸೆಹಣ್ಣು ಬಾಯಿಗಿಟ್ಟವರ ಹಾಗೆ ತುಟಿ ಚಪ್ಪರಿಸುವಳು. ಒಂದು ಕೈ ಲಂಗದ ನೆರಿಗೆಯನ್ನು ಎಳೆಯುತ್ತಿರುತ್ತಿತ್ತು. ಕರೆದರೆ ಕೇಳಿಸುತ್ತಿರಲಿಲ್ಲ. ಆಮೇಲೆ ಎಚ್ಚರವಾದಾಗ, "ಎಂತ ಆಯ್ತೇ? ನಾ ಎಂತ ಹೇಳ್ತಿದ್ದೆ?" ಎಂದು ನನ್ನನ್ನೇ ಕೇಳುವಳು. ಗೊತ್ತಿಲ್ಲದವರಿಗೆ ತಲೆ ತಿರುಗಿ ನಿಂತ ಹಾಗೆಯೇ ಕಾಣುತ್ತಿತ್ತು.

ಅದೇ ಆಯಿಗೆ ದಾರಿ ತೋರಿಸಿತು. ಶಾಲೆಯಲ್ಲಿ ಬಿದ್ದ ವರ್ಷವೇ ನಾವು ಬೊಬ್ರುವಾಡ ಬಿಟ್ಟು ಕಾಳಿ ನದಿಯ ಆಚೆ ದಂಡೆಗೆ, ಸದಾಶಿವಗಡದ ಬಾಡಿಗೆ ಮನೆಗೆ ಬಂದೆವು. ಅಪ್ಪನಿಗೆ ಕಚೇರಿ ಹತ್ತಿರವಾಗುತ್ತದೆ ಎಂಬುದು ಊರಿಗೆ ಹೇಳಿದ ಮಾತು. ಸೇತುವೆ ದಾಟಿದರೆ ಸುದ್ದಿ ಹಿಂಬಾಲಿಸುವುದಿಲ್ಲ ಎಂಬುದು ಆಯಿಯ ಲೆಕ್ಕ. ಬದಿಮನೆಯಲ್ಲಿ ಮೀನು ಮಾರುವ ಒಬ್ಬ ಹೆಂಗಸಿದ್ದಳು, ಕೊಂಕಣಿಯವಳು, ನಾವು ಕಾಕಿ ಎನ್ನುತ್ತಿದ್ದೆವು. ಸಾಮಾನು ಇನ್ನೂ ಬಿಚ್ಚಿರಲಿಲ್ಲ, ಆಯಿ ಅವಳನ್ನು ಕರೆದು ಹೇಳಿದಳು: "ನಮ್ಮ ದೊಡ್ಡದಕ್ಕೆ ಪಿತ್ತ ಜಾಸ್ತಿ. ಒಂದೊಂದ್ಸಲ ತಲೆ ತಿರುಗ್ತದೆ. ಕಂಡ್ರೆ ಕೂತ್ಕೊಳ್ಳೂಕೆ ಹೇಳು ಸಾಕು, ತನ್ನಷ್ಟಕ್ಕೇ ಹೋಗ್ತದೆ. ಹೆದರೂದೆಂತ ಇಲ್ಲ." ಕಾಕಿ ಒಳ್ಳೆಯವಳು. ಪ್ರತಿ ಬೇಸಿಗೆ ಪಿತ್ತಕ್ಕೆ ಒಳ್ಳೆಯದೆಂದು ಮುರುಗಲು ಹಣ್ಣಿನ ಪಾನಕ ಮಾಡಿ ತಂದು ಅಕ್ಕನಿಗೆ ಕುಡಿಸುತ್ತಿದ್ದಳು.

ಆಮೇಲೆ ಮನೆಯ ಒಳಗೂ ಅದರ ಹೆಸರು ಹೋಯಿತು. ಒಳಗೆ ‘ಅದು’, ಹೊರಗೆ ‘ಪಿತ್ತ’. ಕಾರವಾರದ ಡಾಕ್ಟರು ಬರೆದುಕೊಟ್ಟ ಗುಳಿಗೆಗಳೂ ಪಿತ್ತದ ಗುಳಿಗೆಗಳಾದವು. ನಾನು ಒಮ್ಮೆ ಎಂತದೋ ಸಿಟ್ಟಿಗೆ ಬಾಗಿಲಲ್ಲಿ ನಿಂತು "ಫಿಟ್ಸ್" ಎಂದು ಗಟ್ಟಿಯಾಗಿ ಅಂದುಬಿಟ್ಟೆ. ಆಯಿ ಬಾಯಿಯ ಮೇಲೆ ಹೊಡೆದಳು. "ನಿಂಗೇ ಗಂಡು ಸಿಕ್ಕೂದಿಲ್ಲ ನೋಡು! ಒಂದಕ್ಕೆ ಅದು ಅಂತ ಗೊತ್ತಾದ್ರೆ ಎರಡನೇದರ ಬಾಗ್ಲಿಗೂ ಯಾರೂ ಬರೂದಿಲ್ಲ." ಸುಡ್ಲಿ ಆ ಬಾಗಿಲು, ಎಂದು ನಾನು ಈಗ ಹೇಳಬಹುದು. ಆಗ ತುಟಿ ಉಜ್ಜಿಕೊಂಡು ಒಳಗೆ ಹೋದೆ. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡವರ ಹಾಗೆ ನಾಲ್ವರೂ ಬದುಕಿದೆವು.

ಇಷ್ಟೆಲ್ಲ ಹೇಳಿದ್ದರಿಂದ ಅಕ್ಕ ಸಪ್ಪೆ ಮೋರೆಯ ರೋಗಿ ಎಂದುಕೊಂಡರೆ ತಪ್ಪು. ಅವಳಷ್ಟು ನಗಿಸುವವರನ್ನು ನಾನು ನೋಡಿಲ್ಲ. ಕಾರವಾರ–ಅಂಕೋಲೆ ಬಸ್ಸಿನ ಒಬ್ಬ ಕಂಡಕ್ಟರನ ಅಣಕು ಮಾಡುತ್ತಿದ್ದಳು. ಮೂಗಿನಲ್ಲಿ ದನಿ ತೆಗೆದು, "ಬಿಣಗಾ, ಅರ್ಗಾ, ಅಮದಳ್ಳಿ, ಅವರ್ಸಾ... ಹಟ್ಟಿಕೇರಿ ಯಾರ್ರೀ? ಇಳೀರಿ ಇಳೀರಿ, ಮದುವೆ ಮನೆ ಅಲ್ಲ ಇದು!" ಎನ್ನುತ್ತ ಅಡಿಗೆಮನೆಯಿಂದ ಅಂಗಳಕ್ಕೆ ಬರುವಳು. ಅಪ್ಪ ಊಟ ಬಿಟ್ಟು ನಗುತ್ತಿದ್ದ. ಕಾಕಿಗಂತೂ ಬೇಲಿಯಾಚೆಯಿಂದ ದಿನಕ್ಕೊಮ್ಮೆ ಅದು ಆಗಲೇಬೇಕು. "ಗೋ ಬಾಯ್, ನಿನ್ನ ಬಸ್ಸು ಬಂತಾ ಇವತ್ತು?" ಎಂದು ಕೇಳುವಳು.

ಅಕ್ಕನಿಗೆ ಇನ್ನೊಂದು ಹುಚ್ಚಿತ್ತು, ಬಳಚು ಎಂಬ ಚಿಪ್ಪುಮೀನು ಹೆಕ್ಕುವುದು. ಸಮುದ್ರದ ನೀರು ಇಳಿದಾಗ ಕಾಳಿಯ ಅಳಿವೆಯ ಹತ್ತಿರ ಕೆಸರುದಂಡೆ ತೆರೆದುಕೊಳ್ಳುತ್ತದೆ. ಹೆಂಗಸರು ಬುಟ್ಟಿ ಹಿಡಿದು ಇಳಿದು, ಕಾಲಿನಿಂದ ಕೆಸರು ತಡವಿ, ಚಿಪ್ಪು ತಾಗಿದಲ್ಲಿ ಬಗ್ಗಿ ಬಳಚು ತೆಗೆಯುತ್ತಾರೆ. ಭರತದ ನೀರು ಮತ್ತೆ ಏರಿ ಬರುವುದರೊಳಗೆ ಬುಟ್ಟಿ ತುಂಬಬೇಕು. ಅಕ್ಕನ ಕಾಲಿಗೆ ಕಣ್ಣಿತ್ತು ಎನ್ನುತ್ತಿದ್ದಳು ಕಾಕಿ. ಬೆಂಕಿ, ನೀರು ಎರಡೂ ಅಕ್ಕನಿಗೆ ಆಗುವುದಿಲ್ಲವೆಂದು ಆಯಿ ಒಲೆಯ ಹತ್ತಿರವೂ ಬಿಡುತ್ತಿರಲಿಲ್ಲ. ಆದರೆ ಬಳಚಿಗೆ ಮಾತ್ರ, ಅಳು, ಜಗಳ, ಉಪವಾಸ ಎಲ್ಲ ಆದಮೇಲೆ, ಒಂದು ಕಟ್ಟಳೆಯ ಮೇಲೆ ಒಪ್ಪಿದಳು. ಮೊಣಕಾಲಿಗಿಂತ ಕೆಳಗಿನ ನೀರು, ಮತ್ತು ಪಕ್ಕದಲ್ಲಿ ನಾನು. ನನಗೆ ಬಳಚು ಸಿಕ್ಕುತ್ತಿರಲಿಲ್ಲ. ನಾನು ಅಕ್ಕನ ಮುಖವನ್ನೇ ನೋಡುತ್ತಿರುತ್ತಿದ್ದೆ. ತುಟಿ ಚಪ್ಪರಿಸತೊಡಗಿದ ಕೂಡಲೇ ತೋಳು ಹಿಡಿದು ದಂಡೆಗೆ ಎಳೆಯುವುದು ನನ್ನ ಕೆಲಸ. ನಾಲ್ಕೈದು ಸಲ ಎಳೆದಿದ್ದೇನೆ. ಕಾಕಿ, "ಪಿತ್ತ ಎದ್ದಿತಾ?" ಎಂದರೆ ನಾನು "ಹೌದು ಕಾಕಿ" ಎನ್ನುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಕ್ಕೆ ನನ್ನ ಮದುವೆಯಾಯಿತು. ಅಕ್ಕನಿಗೆ ಬಂದ ಎರಡು ಸಂಬಂಧಗಳನ್ನು ಅವಳೇ ಬೇಡವೆಂದಳು. "ಸುಳ್ಳು ಹೇಳಿ ಹೋಗೂದು ಬ್ಯಾಡ, ಖರೇ ಹೇಳಿದ್ರೆ ಅವ್ರು ಬರೂದಿಲ್ಲ. ನಾ ಇಲ್ಲೇ ಆರಾಮಿದ್ದೆ" ಎಂದಿದ್ದಳು. ನಾನು ಅಂಕೋಲೆಗೆ ಹೋದೆ, ಅಲ್ಲಿಯೇ ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ಅಕ್ಕ ಬಳಚಿಗೆ ಹೋಗುವುದು ನಿಂತಿತು.

ಅವಳು ಬದಲಾದದ್ದು ಯಾವಾಗ ಎಂದು ಹೇಳಲು ಬರುವುದಿಲ್ಲ. ನಾನು ಬಂದಾಗಲೆಲ್ಲ ಒಂದೊಂದು ಕಡಿಮೆಯಾಗಿರುತ್ತಿತ್ತು. ಮೊದಲು ಅಣಕು ಹೋಯಿತು. ಆಮೇಲೆ ತಲೆಗೆ ಎಣ್ಣೆ ಹಾಕುವುದು, ಬಾಗಿಲಿಗೆ ಬರುವುದು ಹೋಯಿತು. ಬಂಗಡೆ ಸಾರು ಎಂದರೆ ಪ್ರಾಣ ಬಿಡುವವಳು ಎರಡು ತುತ್ತಿಗೆ ಕೈ ತೊಳೆಯುತ್ತಿದ್ದಳು. ಹಗಲೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗಿರುವಳು. "ಏನಾಯ್ತೇ ಅಕ್ಕ? ನಾನು ಹೋದೆ ಅಂತ ಬೇಜಾರಾ?" ಎಂದು ಕೇಳಿದೆ. "ಬೇಜಾರಾದ್ರೆ ಅಳು ಬರ್ತದಲ್ಲೇ. ನಂಗೆ ಅಳೂಕೂ ಬರೂದಿಲ್ಲ. ಒಳಗೆ ಎಂತದೂ ಇಲ್ಲ" ಎಂದಳು.

ಅದೇ ಹೊತ್ತಿಗೆ ಫಿಟ್ಸ್ ಕಡಿಮೆಯಾಗಿತ್ತು. ಡಾಕ್ಟರು ಗುಳಿಗೆ ಬದಲಿಸಿದ್ದರು, ತಿಂಗಳುಗಟ್ಟಲೆ ಏನೂ ಬಂದಿರಲಿಲ್ಲ. ಮನೆಯಲ್ಲಿ ಅಷ್ಟು ವರ್ಷ ನಾವು ಹೆದರಿದ್ದು ಬೀಳುವ ಸದ್ದಿಗೆ. ಈಗ ಸದ್ದೇ ಇಲ್ಲ. ಅಕ್ಕ ಓಡುವುದಿಲ್ಲ, ಹಟ ಮಾಡುವುದಿಲ್ಲ, ನದಿಗೆ ಹೋಗುತ್ತೇನೆಂದು ಜಗಳವಾಡುವುದಿಲ್ಲ. ಆಯಿಗೆ ಸ್ವರ್ಗ ಮೂರೇ ಗೇಣು. "ಗುಣ ಆಯ್ತು ಕಾಣೇ. ಎಷ್ಟು ಶಾಂತ ಆಗಿದ್ಲು ನೋಡು!" ಒಂದು ವರ್ಷ ‘ಅದು’ ಬರದಿದ್ದರೆ ಹೂವಿನ ಪೂಜೆ ಮಾಡಿಸುತ್ತೇನೆಂದು ಆಯಿ ದೇವಿಗೆ ಹರಕೆ ಹೊತ್ತಿದ್ದಳು. ಅದನ್ನು ತೀರಿಸಿಯೇಬಿಟ್ಟಳು. ನಾನೂ ಗಂಡನ ಜೊತೆ ಹೋಗಿದ್ದೆ. ಅಬ್ಬಲಿಗೆ, ಸೇವಂತಿಗೆಯ ರಾಶಿಯ ಮುಂದೆ ಅಕ್ಕನನ್ನು ಕೂರಿಸಿದ್ದರು. ಹೊಸ ಸೀರೆ ಉಟ್ಟಿದ್ದಳು, ಯಾರು ಏನು ಕೇಳಿದರೂ ತಲೆ ಅಲ್ಲಾಡಿಸುತ್ತಿದ್ದಳು. ಪ್ರಸಾದದ ಹೂವನ್ನು ಕೈಗೆ ಕೊಟ್ಟರೆ ಮುಡಿಯಬೇಕೆಂಬುದೂ ಅವಳಿಗೆ ತೋಚಲಿಲ್ಲ, ಹಿಡಿದುಕೊಂಡೇ ಕೂತಳು. ಸಂಬಂಧಿಕರಲ್ಲಿ ಒಬ್ಬಳು ನನ್ನ ಕಿವಿಯಲ್ಲಿ, "ನಿನ್ನ ಅಕ್ಕನಿಗೆ ಈಗ ಸ್ವಲ್ಪ ಸೊಕ್ಕು ಬಂದಿದ್ಯೇನೇ? ಮಾತಾಡ್ಸಿದ್ರೂ ನಗೂದಿಲ್ಲ" ಎಂದಳು. ಅಕ್ಕನಿಗೆ ಅದು ಕೇಳಿಸಿತು.

ಆ ದಿನ ಮಧ್ಯಾಹ್ನ ಊಟವಾದ ಮೇಲೆ ನಾನು ಅಕ್ಕನನ್ನು ಎಬ್ಬಿಸಿಕೊಂಡು ಹಿತ್ತಿಲಿಗೆ ಹೋದೆ. "ನದಿ ಕಡೆ ಹೋಗಿ ಬರೂನ ಬಾರೇ, ಇಳಿತ ಅದೆ" ಎಂದೆ. ಅವಳು ನನ್ನ ಮುಖ ನೋಡಿ ಹೇಳಿದಳು: "ಬ್ಯಾಡ. ನೀರಿಗೆ ಇಳಿದ್ರೆ ಹಿಂದೆ ಬರೂಕೆ ಮನಸ್ಸಾಗೂದಿಲ್ಲ ಅನ್ನಿಸ್ತದೆ. ಅದ್ಕೇ ನಾ ಹೋಗೂದಿಲ್ಲ." ಎಷ್ಟು ಸಾದಾ ದನಿಯಲ್ಲಿ ಹೇಳಿದಳೆಂದರೆ ಅದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಾನು ಒಳಗೆ ಬಂದು ಅಪ್ಪನನ್ನು ಕರೆದು ಎಲ್ಲ ಹೇಳಿದೆ.

ಬಸ್ಸಿನಲ್ಲಿ ಅರ್ಧ ದಿನದ ದಾರಿ, ದಕ್ಷಿಣದ ಒಂದು ದೊಡ್ಡ ಆಸ್ಪತ್ರೆ. ಆಯಿ, ಅಪ್ಪ, ಅಕ್ಕ, ನಾನು ನಾಲ್ವರೂ ಹೋದೆವು. ಅಕ್ಕನ ತಲೆಯ ಸ್ಕ್ಯಾನ್ ಆಯಿತು. ನರರೋಗದ ಡಾಕ್ಟರು ಆ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನಮಗೆ ತೋರಿಸಿದರು. ಮೆದುಳಿನ ಎರಡು ಬದಿಗೂ, ಕಿವಿಯ ಒಳಗಡೆಗೆ, ಎದುರುಬದುರು ಇಟ್ಟ ಎರಡು ಗೇರುಬೀಜದ ಹಾಗೆ ಏನೋ ಇತ್ತು. ಒಂದು ತುಂಬಿಕೊಂಡಿತ್ತು, ಇನ್ನೊಂದು ಮುರುಟಿತ್ತು.

"ಫಿಟ್ಸ್ ಹುಟ್ಟುವುದು ಇಲ್ಲಿಂದ" ಎಂದರು ಡಾಕ್ಟರು. "ಆದರೆ ಈ ಜಾಗದ ಕೆಲಸ ಅದಷ್ಟೇ ಅಲ್ಲ. ನೆನಪು, ಹೆದರಿಕೆ, ಖುಷಿ, ಬೇಸರ, ಇವೆಲ್ಲ ಹಾದು ಹೋಗುವ ದಾರಿಯೂ ಇದೇ. ಇಲ್ಲಿ ಕೆಟ್ಟರೆ ಫಿಟ್ಸ್ ಇರುವವರಲ್ಲಿ ಹಲವರಿಗೆ ಮನಸ್ಸೂ ಹೀಗೆ ಕುಸಿಯುತ್ತದೆ. ಯಾವುದರಿಂದ ಯಾವುದು ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಫಿಟ್ಸ್ ನಿಂತಿತು ಅಂದ ಕೂಡಲೇ ಇದು ನಿಲ್ಲುತ್ತದೆ ಅಂತಿಲ್ಲ. ಈಗ ತೆಗೆದುಕೊಳ್ಳುವ ಗುಳಿಗೆಯೂ ಸ್ವಲ್ಪ ಮಂಕು ಮಾಡಿರಬಹುದು."

ಆಯಿ, "ಯಾರದ್ದೋ ಕಣ್ಣು ತಾಗಿದ್ದಲ್ವಾ ಸಾಯೇಬ್ರೆ? ಮನೆಯಲ್ಲಿ ನಾವೆಂತ ಕಮ್ಮಿ ಮಾಡ್ಲಿಲ್ಲ" ಎಂದಳು.

"ನೀವು ಏನೂ ಮಾಡಿದ್ದಲ್ಲಮ್ಮ. ಅವರೂ ಮಾಡಿಕೊಂಡಿದ್ದಲ್ಲ."

ಅಕ್ಕ ಫಿಲ್ಮಿನ ಮುಂದೆ ಬಗ್ಗಿ ಆ ಮುರುಟಿದ್ದನ್ನು ನೋಡಿದಳು. "ಹಾಗಾರೆ ನಾನು ಸೊಕ್ಕು ಮಾಡ್ತಿದ್ದದ್ದಲ್ಲ" ಎಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ, ನನಗಾಯಿತು. ಅಕ್ಕ ಅಳತೊಡಗಿದಳು. ಎರಡು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ಅವತ್ತೇ ಕಂಡದ್ದು. ನನಗೆ ಅವಳ ಅಳು ನೋಡಿ ಖುಷಿಯಾಯಿತು, ದೇವರಾಣೆ.

ಫಿಟ್ಸಿನ ಗುಳಿಗೆಯನ್ನು ನಿಧಾನವಾಗಿ ಬದಲಿಸಿದರು, ಮನಸ್ಸಿಗೆಂದು ಇನ್ನೊಂದು ಕೊಟ್ಟರು. ಕೆಲಸ ಮಾಡಲು ವಾರಗಳು ಬೇಕು, ಬಿಡಬೇಡಿ ಎಂದರು. ಹೊರಡುವಾಗ ಆಯಿಯನ್ನೇ ನೋಡಿ ಇನ್ನೊಂದು ಮಾತು ಹೇಳಿದರು: "ಫಿಟ್ಸ್ ನಿಂತಿದೆ ಅಂತ ಮೈಮರೆಯಬೇಡಿ. ನೀರಿನ ಹತ್ತಿರ ಒಬ್ಬರನ್ನೇ ಬಿಡಬೇಡಿ. ಜೊತೆಗಿರುವವರಿಗೆ, ಅಕ್ಕಪಕ್ಕದವರಿಗೆ ಕಾಯಿಲೆ ಏನು ಅಂತ ಸರಿಯಾಗಿ ಹೇಳಿಡಿ." ಆಯಿ, "ಹೌದು ಸಾಯೇಬ್ರೆ" ಎಂದು ತಲೆ ಅಲ್ಲಾಡಿಸಿದಳು. ಮನೆಗೆ ಬಂದಮೇಲೆ ಹೊಸ ಗುಳಿಗೆಯೂ ಪಿತ್ತದ ಗುಳಿಗೆಯೇ ಆಯಿತು. ನಾನು ಜಗಳ ತೆಗೆದೆ. "ಫಿಟ್ಸ್ ಅಂದ್ರೇ ಊರು ಬಿಟ್ಟು ಬಂದದ್ದು, ಇನ್ನು ತಲೆ ಗುಳಿಗೆ ಅಂತ ಹೇಳಿ ಎಲ್ಲಿಗೆ ಹೋಗೂದೇ?" ಎಂದಳು ಆಯಿ.

ಆದರೆ ಗುಳಿಗೆ ಹಿಡಿಯಿತು. ಒಂದೇ ಸಲಕ್ಕಲ್ಲ. ಒಂದು ದಿನ ಫೋನಿನಲ್ಲಿ ಅಪ್ಪ, "ಇವತ್ತು ಬಂಗಡೆ ಕೇಳಿ ಹಾಕಿಸ್ಕೊಂಡ್ಲು" ಎಂದ. ಇನ್ನೊಂದು ದಿನ, ತಾನೇ ತಲೆ ಬಾಚಿಕೊಂಡಳಂತೆ. ಮಾವಿನ ಕಾಲಕ್ಕೆ ಅಂಕೋಲೆಗೆ ನನ್ನ ಮನೆಗೆ ಬಂದು ವಾರವಿದ್ದಳು. ಈಶಾಡು ಹಣ್ಣಿನ ರಸ ಮೊಣಕೈಗೆ ಇಳಿಸಿಕೊಂಡು ತಿಂದಳು. ಹೊರಟ ದಿನ ಬಸ್ಸು ಹತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಮೂಗಿನಲ್ಲಿ, "ಹಟ್ಟಿಕೇರಿ ಯಾರ್ರೀ?" ಎಂದಳು. ನಾನು ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನಕ್ಕು ನಕ್ಕು ಅತ್ತೆ. ನನ್ನ ಹಳೆಯ ಅಕ್ಕ ತಿರುಗಿ ಬಂದಿದ್ದಳು.

ಆ ವರ್ಷದ ಮಳೆ ಮುಗಿದು ಬಿಸಿಲು ಬಿದ್ದ ಕಾಲ. ಶಾಲೆಯಲ್ಲಿದ್ದಾಗ ಅಪ್ಪನ ಫೋನು ಬಂತು. "ನೀನು ಬಾ" ಎಂದ, ಅಷ್ಟೇ. ಎಷ್ಟು ಕೇಳಿದರೂ ಅದೊಂದೇ ಮಾತು. ಬಸ್ಸು ಕಾಳಿ ಸೇತುವೆಗೆ ಬಂದಾಗ ಮೇಲಿಂದಲೇ ಕಂಡಿತು, ಆಚೆ ದಂಡೆಯಲ್ಲಿ ಜನ ಸೇರಿದ್ದರು.

ಅಕ್ಕ ಅವತ್ತು ಬೆಳಿಗ್ಗೆ ಎದ್ದು ಎಣ್ಣೆ ಹಚ್ಚಿ ಸ್ನಾನ ಮಾಡಿ, "ಆಯೀ, ಬುಟ್ಟಿ ಎಲ್ಲುಂಟು? ಇಳಿತ ಅದೆ, ಬಳಚಿಗೆ ಹೋಗ್ತೆ" ಎಂದಳಂತೆ. ಮೂರು ವರ್ಷದಿಂದ ನದಿಯ ಕಡೆ ಮುಖ ಹಾಕದವಳು ಬುಟ್ಟಿ ಕೇಳಿದರೆ ಯಾವ ತಾಯಿ ಇಲ್ಲವೆಂದಾಳು? ಆಯಿ ಅಟ್ಟದಿಂದ ತಾನೇ ಬುಟ್ಟಿ ಇಳಿಸಿ, ಧೂಳು ಕೊಡವಿ ಕೊಟ್ಟಳು. ಬೇಲಿಯ ಹತ್ತಿರ ಹೋಗಿ ಕಾಕಿಗೂ ಹೇಳಿದಳು: "ಸ್ವಲ್ಪ ಕಣ್ಣಿಡೇ." ಕಾಕಿ ಇದ್ದಳು, ಇನ್ನೂ ನಾಲ್ಕಾರು ಹೆಂಗಸರು ದೂರದಲ್ಲಿದ್ದರು. ಅವರು ತಿರುಗಿ ನೋಡುವಾಗ ಅಕ್ಕ ಮೊಣಕಾಲುದ್ದದ ನೀರಿನಲ್ಲಿ ಬೋರಲಾಗಿ ಬಿದ್ದಿದ್ದಳು.

ನಾನು ಹೋದಾಗ ಮರಳಿನ ಮೇಲೆ ಮಲಗಿಸಿದ್ದರು. ಪಕ್ಕದಲ್ಲಿ ಅರ್ಧ ತುಂಬಿದ ಬುಟ್ಟಿ. ಆಯಿ ಅಕ್ಕನ ತಲೆಯ ಹತ್ತಿರ ಕಲ್ಲಾಗಿ ಕೂತಿದ್ದಳು, ಅತ್ತಿರಲಿಲ್ಲ. ಹಿಂದೆ ನಿಂತ ಜನರಲ್ಲಿ ಗುಸುಗುಸು. ಒಬ್ಬ ಗಂಡಸು, ಮೆಲ್ಲಗೆ ಹೇಳಿದೆನೆಂದುಕೊಂಡು, "ಎರಡ್ಮೂರು ವರ್ಷದಿಂದ ಮಂಕಾಗಿತ್ತಲ್ಲ ಹುಡುಗಿ. ಮೊಣಕಾಲು ನೀರಲ್ಲಿ ಯಾರಾದ್ರೂ ಮುಳುಗ್ತಾರಾ? ತಾನಾಗಿ ಮಲಗಿದ್ರೆ ಮಾತ್ರ" ಎಂದ. ಇನ್ನೊಬ್ಬಳು, "ಬೆಳಿಗ್ಗೆ ಎಷ್ಟು ಖುಷಿಯಲ್ಲಿದ್ಲು! ನಿರ್ಧಾರ ಮಾಡಿದವ್ರು ಹಾಗೇಯ" ಎಂದಳು.

ಆಯಿಗೆ ಕೇಳಿಸಿತು. ಸೊಂಟಕ್ಕೆ ಕೈ ಹಾಕಿ ಕೀಲಿ ತೆಗೆದಳು. ಅಕ್ಕನ ಬಲಗೈಯನ್ನು ಮಡಿಲಿಗೆ ಎಳೆದುಕೊಂಡು, ಅಂಗೈಯಲ್ಲಿ ಕೀಲಿ ಇಟ್ಟು ಬೆರಳು ಮಡಚಿದಳು. "ನನ್ನ ಮಗಳಿಗೆ ಫಿಟ್ಸ್ ಇತ್ತು!" ಎಂದು ಕೂಗಿದಳು. "ಹನ್ನೊಂದು ವರ್ಷದವಳಿದ್ದಾಗಿಂದ ಇತ್ತು! ಕೇಳಿಸ್ಕೊಳ್ಳಿ ಎಲ್ಲಾ! ಫಿಟ್ಸ್ ಬಂದು ಬಿದ್ದದ್ದು ಅದು, ಫಿಟ್ಸ್!" ಅಷ್ಟು ವರ್ಷ ನಮ್ಮ ಹೊಸ್ತಿಲು ದಾಟದ ಆ ಮಾತನ್ನು ಆಯಿ ಇಡೀ ಸದಾಶಿವಗಡದ ಮುಂದೆ ಒದರಿದಳು. ಅಕ್ಕನ ಬೆರಳುಗಳು ಮಡಚಿ ನಿಲ್ಲಲಿಲ್ಲ. ಬಿಚ್ಚಿಕೊಂಡವು, ಕೀಲಿ ಮರಳಿಗೆ ಬಿತ್ತು. ಆಯಿ ಅದನ್ನು ಹೆಕ್ಕಿ ಸೆರಗಿಗೆ ಒರೆಸಿ ಮತ್ತೆ ಇಟ್ಟಳು. ಮತ್ತೆ ಬಿತ್ತು. "ಗಟ್ಟಿ ಹಿಡ್ಕೊಳ್ಳೇ" ಎಂದು ಗದರಿದಳು. ಅಪ್ಪ ಬಂದು ಆಯಿಯ ಕೈ ಹಿಡಿಯುವವರೆಗೂ ಅದನ್ನೇ ಮಾಡುತ್ತಿದ್ದಳು.

ಗುಂಪಿನಲ್ಲಿದ್ದ ಕಾಕಿ ಬಾಯಿಗೆ ಸೆರಗು ಒತ್ತಿಕೊಂಡು ಇದ್ದಲ್ಲೇ ಕುಸಿದು ಕೂತಳು. ದುಃಖಕ್ಕೆ ಎಂದುಕೊಂಡೆ ನಾನು.

ಪೊಲೀಸರು ಬಂದು ಆಸ್ಪತ್ರೆಯ ಕಾಗದ ನೋಡಿ ಬರೆದುಕೊಂಡು ಹೋದರು. ಊರು ಅರ್ಧ ನಂಬಿತು, ಅರ್ಧ ನಂಬಲಿಲ್ಲ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವವರು ಯಾರು? ಊರು ಹಾಳಾಗಿ ಹೋಗಲಿ, ನಾನೇ ನಂಬಲಿಲ್ಲ. ಹಿತ್ತಿಲಿನಲ್ಲಿ ಅಕ್ಕ ಹೇಳಿದ ಮಾತು ನನ್ನ ಕಿವಿಯಲ್ಲಿತ್ತು. ಹಿಂದೆ ಬರೂಕೆ ಮನಸ್ಸಾಗೂದಿಲ್ಲ. ಆಯಿ ಮಾಡಿದ್ದು ಮಗಳ ಮರ್ಯಾದೆ ಉಳಿಸುವ ನಾಟಕ ಎಂದುಕೊಂಡೆ. ಮನಸ್ಸಿನ ಕಾಯಿಲೆಯಿಂದ ಸತ್ತಳು ಎನ್ನುವುದಕ್ಕಿಂತ ಫಿಟ್ಸಿನಿಂದ ಸತ್ತಳು ಎನ್ನುವುದು ಮೇಲು ಎಂದು ಅವಳಿಗೆ ಅನ್ನಿಸಿರಬೇಕು, ಹೊಸ ಸತ್ಯವನ್ನು ಮುಚ್ಚಲು ಹಳೆಯ ಸತ್ಯವನ್ನು ಹೊರಗೆ ತೆಗೆದಳು ಎಂದುಕೊಂಡೆ. ನನಗೆ ಆಯಿಯ ಮೇಲೆ ಸಿಟ್ಟು, ಅಕ್ಕನ ಮೇಲೆ ಇನ್ನೂ ಹೆಚ್ಚು ಸಿಟ್ಟು. ಮಾವಿನ ಹಣ್ಣು ತಿಂದು, ಬಸ್ಸಿನ ಕಿಟಕಿಯಿಂದ ನನ್ನನ್ನು ನಗಿಸಿ, ಅದರ ಮೇಲೆ ಹೀಗೆ ಮಾಡಿದಳಲ್ಲ! ಒಂದು ಮಾತು ಹೇಳಲಿಲ್ಲವಲ್ಲ! ಅವಳ ಫೋಟೋಕ್ಕೆ ಹಾ‌ರ ಹಾಕುವಾಗಲೂ ಬೈದುಕೊಂಡೇ ಹಾಕುತ್ತಿದ್ದೆ.

ಅಪ್ಪ ನಿವೃತ್ತನಾದ ಮೇಲೆ ಇಬ್ಬರೂ ಅಂಕೋಲೆಗೆ, ನಮ್ಮ ಮನೆಯ ಹತ್ತಿರಕ್ಕೆ ಬಂದರು. ಕಾಕಿ ಮೀನು ಮಾರುವುದು ಬಿಟ್ಟು ದೇವಬಾಗದ ಮಗಳ ಮನೆ ಸೇರಿದ್ದಳು. ಒಮ್ಮೆ ಕಾರವಾರಕ್ಕೆ ಹೋದವಳು ಅವಳನ್ನು ನೋಡಿ ಬರೋಣವೆಂದು ದೇವಬಾಗಕ್ಕೆ ಹೋದೆ. ಮುದುಕಿಯಾಗಿದ್ದಳು. ಚಹಾ ಕೊಟ್ಟಳು, ಮೀನು ಕಟ್ಟಿಕೊಡುತ್ತೇನೆಂದಳು, ಸುತ್ತು ಬಳಸಿ ಏನೇನೋ ಮಾತಾಡಿದಳು. ಎದ್ದು ಹೊರಟಾಗ ನನ್ನ ಕೈ ಹಿಡಿದುಕೊಂಡು ಬಿಡಲಿಲ್ಲ.

"ಬಾಯ್, ನಿಂಗೆ ಒಂದು ಹೇಳ್ಬೇಕು. ನಿನ್ನ ಆಯಿಗೆ ಹೇಳೂಕೆ ನಂಗೆ ಬಾಯಿ ಬರ್ಲಿಲ್ಲ. ಅವತ್ತು ಅವಳು ನನ್ನ ಹತ್ರಾನೇ ಇದ್ಲು. ಬಸ್ಸು ಬಿಟ್ಲು, ನಗಿಸಿದ್ಲು. ‘ಕಾಕಿ, ಇವತ್ತು ಅಪ್ಪಂಗೆ ಬಳಚಿನ ಸುಕ್ಕೆ ಮಾಡ್ಸೂದು’ ಅಂದ್ಲು. ಆಮೇಲೆ ಮಾತೇ ನಿಂತಿತು. ತಿರುಗಿ ನೋಡ್ದೆ. ಬಾಯಿ ಚಪ್ಪರಿಸ್ತಿದ್ಲು, ಸೀರೆ ಎಳೀತಿದ್ಲು. ಪಿತ್ತ ಎದ್ದಿತು ಅಂದ್ಕೊಂಡೆ." ಕಾಕಿ ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು. "ನಿನ್ನ ಆಯಿ ಹೇಳಿದ್ಲಲ್ಲ, ಕೂತ್ಕೊಳ್ಳೂಕೆ ಹೇಳು, ತನ್ನಷ್ಟಕ್ಕೇ ಹೋಗ್ತದೆ ಅಂತ. ‘ಬಸ್ ಗೋ ಬಾಯ್, ಬಸ್’, ಕೂತ್ಕೊ ಕೂತ್ಕೊ ಅಂತ ಹೆಗಲ ಮೇಲೆ ಕೈ ಇಟ್ಟು ನಾನೇ ಕೂರಿಸ್ದೆ. ನೀರಲ್ಲೇ. ಕೂತ್ಳು ಪಾಪ. ನಾನು ಆ ಕಡೆ ತಿರುಗಿ ಹೆಕ್ಕೂಕೆ ಹಿಡ್ದೆ. ಪಿತ್ತಕ್ಕೆ ಯಾರು ಸಾಯ್ತಾರೆ, ಹೇಳು? ಫಿಟ್ಸ್ ಅಂತ ನಂಗೆ ಒಂದು ಮಾತು ಹೇಳಿದ್ರೆ ಎಳ್ಕೊಂಡು ಬರ್ತಿದ್ನಲ್ಲ ಬಾಯ್. ನಾನು ಎಳ್ಕೊಂಡು ಬರ್ತಿದ್ದೆ."

ಅಂಕೋಲೆಯವರೆಗೆ ಬಸ್ಸಿನಲ್ಲಿ ಅಳುತ್ತ ಬಂದೆ. ಬಿಣಗಾ, ಅರ್ಗಾ, ಅಮದಳ್ಳಿ, ಒಂದೊಂದು ಸ್ಟಾಪಿಗೂ ಅವಳ ದನಿ. ಅಕ್ಕ ನಮ್ಮನ್ನು ಬಿಟ್ಟು ಹೋಗಿರಲಿಲ್ಲ. ಬದುಕುವ ಆಸೆ ತಿರುಗಿ ಬಂದದ್ದರಿಂದಲೇ ಅವಳು ಬುಟ್ಟಿ ಕೇಳಿದ್ದು, ಅಪ್ಪನಿಗೆ ಸುಕ್ಕೆ ಮಾಡಿಸಬೇಕೆಂದೇ ನೀರಿಗೆ ಇಳಿದದ್ದು. ಅಷ್ಟು ವರ್ಷ ನಾನು ಬೈದದ್ದು ಏನೂ ತಪ್ಪು ಮಾಡದವಳನ್ನು. ಇನ್ನು ಅವಳನ್ನು ನೀರಿನಲ್ಲಿ ಕೂರಿಸಿದ ಪಿತ್ತ ಯಾರದ್ದು? ನಮ್ಮದು. ನನ್ನ ಬಾಗಿಲಿಗೆ ಗಂಡು ಬರಲಿ ಎಂದು ಹುಟ್ಟಿದ್ದು.

ಮನೆಯಲ್ಲಿ ಆಯಿ ಜಗಲಿಯ ಮೇಲೆ ಕೂತು ಬಸಳೆ ಸೊಪ್ಪು ಬಿಡಿಸುತ್ತಿದ್ದಳು. ಅಪ್ಪ ಪೇಟೆಗೆ ಹೋಗಿದ್ದ. ನನ್ನ ಕಣ್ಣು ನೋಡಿ, "ಕಾಕಿ ಮನೆಗೆ ಹೋಗಿದ್ಯಾ?" ಎಂದಳು. ಹೌದೆಂದೆ. ಆಯಿ ಸೊಪ್ಪು ಬಿಡಿಸುತ್ತಲೇ ಇದ್ದಳು.

"ಒಂದು ಕೇಳ್ತೆ, ಖರೇ ಹೇಳು. ನೀನು ಓದಿದವಳು, ಡಾಕ್ಟರ ಮಾತು ನಿಂಗೆ ಸಮಾ ತಿಳೀತು. ಅವತ್ತು ಅವಳಿಗೆ ಅದೇ ಬಂದದ್ದಲ್ಲಾ? ತಾನಾಗಿ ಅಲ್ಲ ಅಲ್ಲಾ?"

ಆಗ ತಿಳಿಯಿತು ನನಗೆ. ದಂಡೆಯ ಮೇಲೆ ಕೂಗಿದ್ದು ನಾಟಕವಲ್ಲ, ನಂಬಿಕೆಯೂ ಅಲ್ಲ. ಆಯಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಗೊತ್ತಿಲ್ಲದೆಯೇ ಬದುಕಿದ್ದಳು.

"ಅದೇ ಬಂದದ್ದು ಆಯಿ. ಫಿಟ್ಸ್. ತಾನಾಗಿ ಅಲ್ಲ, ದೇವರಾಣೆ ಅಲ್ಲ. ಅಪ್ಪಂಗೆ ಸುಕ್ಕೆ ಮಾಡ್ಸಬೇಕು ಅಂತ ಹೆಕ್ಕುತ್ತಿದ್ಲಂತೆ. ನಗ್ತಿದ್ಲಂತೆ."

ಆಯಿ ಕಣ್ಣು ಮುಚ್ಚಿದಳು. ಮುಖ ಸಡಿಲವಾಯಿತು. ನಾನು ಅಷ್ಟಕ್ಕೇ ಎದ್ದು ಒಳಗೆ ಹೋಗಬೇಕಿತ್ತು.

"ಕಾಕಿ ಹತ್ರ ಇತ್ತಾ ಆಗ?" ಆಯಿ ಕಣ್ಣು ತೆರೆದಿದ್ದಳು. "ತಲೆ ತಿರುಗಿದ್ರೆ ಕೂತ್ಕೊಳ್ಳೂಕೆ ಹೇಳು ಅಂತ ನಾನೇ ಹೇಳಿಟ್ಟಿದ್ದೆ. ಕಾಕಿ ಹೇಳಿತ್ತಾ ಅವಳಿಗೆ, ಕೂತ್ಕೊ ಅಂತ?"

ಜೀವಮಾನವಿಡೀ ಸುಳ್ಳಿಗೆ ಸಿಡಿಮಿಡಿ ಮಾಡಿದವಳು ನಾನು. ಆಯಿಯ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ: "ಇಲ್ಲ ಆಯಿ. ಕಾಕಿ ದೂರ ಇತ್ತಂತೆ. ಕಾಣ್ಲೇ ಇಲ್ವಂತೆ."

ಹೇಳಿ ಮುಗಿಯುವುದರೊಳಗೆ ನನ್ನ ಕೈ ನಡುಗತೊಡಗಿತು. ತಡೆಯಲು ಹೋದರೆ ಮೈಯೆಲ್ಲ ನಡುಗಿತು. ಆಯಿ ಸೊಪ್ಪಿನ ಬುಟ್ಟಿ ಬದಿಗೆ ಸರಿಸಿದಳು. ನನ್ನನ್ನು ಬಹಳ ಹೊತ್ತು ನೋಡಿದಳು. ಸೊಂಟಕ್ಕೆ ಕೈ ಹಾಕಿ ಕೀಲಿ ತೆಗೆದು, ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ, ಮೇಲಿಂದ ಎರಡೂ ಕೈ ಒತ್ತಿ ಹಿಡಿದಳು.

"ಗಟ್ಟಿ ಹಿಡ್ಕೊ" ಎಂದಳು. "ಹೋಗ್ತದೆ."